ಗೋಕರ್ಣದ ಹಾಫ್ ಮೂನ್ ಬೀಚ್: ಸ್ನಾರ್ಕಲಿಂಗ್, ನಡಿಗೆ, ಬುತ್ತಿ ಊಟ. ಹೋಗಿ ಬಂದವರು ಹೇಳಿ

ಬಿಸಿಲೂರಿನವ, ಕಲಬುರಗಿ

ಎಲ್ಲರಿಗೂ ಶರಣು. ಸಂಕ್ರಾಂತಿ ಆದ ಮೇಲೆ ನಮ್ಮ ಮನೆಯವರು, ಕಾಕಾನ ಮನೆಯವರು ಸೇರಿ ಗೋಕರ್ಣಕ್ಕೆ ಹೊರಟಿದ್ದೇವೆ. ಮಹಾಬಲೇಶ್ವರನ ದರ್ಶನ ಇದ್ದೇ ಇದೆ. ಅದರ ಜೊತೆ ಈ ಸಲ ಒಂದು ಇಡೀ ದಿನ ಗದ್ದಲ ಇಲ್ಲದ ಸಣ್ಣ ಕೊಲ್ಲಿಯಲ್ಲಿ ಕಳೆಯಬೇಕು ಅಂತ ಎಲ್ಲರ ಆಸೆ. ಎರಡೂ ಕಡೆ ಗುಡ್ಡ ಇರಬೇಕು, ಅಲೆ ಕಮ್ಮಿ ಇರಬೇಕು, ಮಕ್ಕಳು ನೀರಾಡಬೇಕು, ದೊಡ್ಡವರು ಒಂದಿಷ್ಟು ನಡೆಯಬೇಕು, ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತು ಉಣ್ಣಬೇಕು. ಹಾಫ್ ಮೂನ್ ಬೀಚ್ ಅಂಥದ್ದೇ ಅಂತ ಕೇಳಿದ್ದೇನೆ.

ಮಗ ಒಂಬತ್ತನೇ ಕ್ಲಾಸು. ಅವನಿಗೆ ಸ್ನಾರ್ಕಲಿಂಗ್, ಅಂದರೆ ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರೊಳಗೆ ನೋಡುವುದು, ಮಾಡಲೇಬೇಕಂತೆ. ಈಜು ಕಲಿತಿದ್ದಾನೆ, ಸಮುದ್ರದಲ್ಲಿ ಇಳಿದಿಲ್ಲ. ಅವ್ವನಿಗೆ ಮೊಣಕಾಲು ನೋವು, ಆದರೂ ಸಮುದ್ರದ ದಂಡೆಯಲ್ಲಿ ಕೂತು ಊಟ ಮಾಡಬೇಕು ಅಂತ ಅವರದೇ ಜಾಸ್ತಿ ಉತ್ಸಾಹ. ಅಲ್ಲಿ ಹೋದವರು ಬಿಡಿಸಿ ಹೇಳಿ. ದಾರಿ, ನೀರು, ಊಟ ಎಲ್ಲಾ.

ಕುಮಟಾದ ಮಗಳು, ಸೇಡಂ

ಅಣ್ಣಾ, ನನ್ನ ತವರು ಕುಮಟಾ ಹತ್ತಿರ, ಆ ದಂಡೆಯಲ್ಲೇ ಓಡಾಡಿ ಬೆಳೆದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಪುರಸೊತ್ತಾಗಿ ಓದಿ.

ಗೋಕರ್ಣದ ದಂಡೆಗಳು ಉತ್ತರದಿಂದ ದಕ್ಷಿಣಕ್ಕೆ ಹೀಗೆ ಸಾಲಾಗಿ ಬರುತ್ತವೆ: ಗುಡಿ ಹತ್ತಿರದ ದೊಡ್ಡ ಬೀಚ್, ಆಮೇಲೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಓಂ ಬೀಚ್‌ನ ಮೇಲಿನ ತನಕ ಗಾಡಿ ಹೋಗುತ್ತದೆ, ಅಲ್ಲಿಂದ ಮೆಟ್ಟಿಲು ಇಳಿಯಬೇಕು. ಹಾಫ್ ಮೂನ್‌ಗೆ ಗಾಡಿ ರಸ್ತೆ ಇಲ್ಲ. ಓಂ ಬೀಚ್‌ನ ದಕ್ಷಿಣದ ತುದಿಯಿಂದ ಗುಡ್ಡ ಹತ್ತಿ ಕಾಲುದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ನಡೆಯಬೇಕು, ಇಲ್ಲವೇ ದೋಣಿ ಹಿಡಿಯಬೇಕು. ಕೊನೆಯ ಇಳಿಜಾರು ಕಲ್ಲುಕಲ್ಲು, ಮೊಣಕಾಲು ನೋವಿದ್ದವರಿಗೆ ಬೇಡವೇ ಬೇಡ. ದೋಣಿ ಆದರೂ ದಂಡೆಗೆ ಪೂರ್ತಿ ಹತ್ತುವುದಿಲ್ಲ, ಮೊಣಕಾಲು ಮಟ್ಟದ ನೀರಿಗೆ ಇಳಿದು ನಡೆಯಬೇಕು, ಅಲೆ ಇದ್ದ ದಿನ ಸೊಂಟದ ತನಕ.

ಅವ್ವನನ್ನು ಓಂ ಬೀಚ್‌ನಲ್ಲೇ ಕೂರಿಸಿ. ಅದೇ ಎರಡು ಅರ್ಧಚಂದ್ರದ ಕೊಲ್ಲಿ, ನಡುವೆ ಕಲ್ಲುಬಂಡೆ ಚಾಚಿಕೊಂಡಿದೆ. ಮೆಟ್ಟಿಲು ನಿಧಾನವಾಗಿ ಇಳಿದರೆ ಆಯಿತು. ಮೆಟ್ಟಿಲೂ ಆಗದಿದ್ದರೆ ಗುಡಿ ಹತ್ತಿರದ ದೊಡ್ಡ ಬೀಚ್ ಸಮತಟ್ಟು. ಉಳಿದವರು ಓಂನಿಂದ ಹಾಫ್ ಮೂನ್‌ಗೆ ನಡೆದು ಹೋಗಿ ಬನ್ನಿ.

ಇನ್ನು ನೀರಿನ ಮಾತು. ಕೊಲ್ಲಿ ಅಂದ ಕೂಡಲೇ ನೀರು ಯಾವಾಗಲೂ ಶಾಂತ ಅಂದುಕೊಳ್ಳಬೇಡಿ. ಗುಡ್ಡಗಳು ಗಾಳಿಯನ್ನೂ ಬದಿಯಿಂದ ಬರುವ ಅಲೆಯನ್ನೂ ತಡೆಯುತ್ತವೆ. ನೇರ ಪಶ್ಚಿಮದಿಂದ ಬರುವ ಅಲೆಗೆ ಬಾಗಿಲು ತೆರೆದೇ ಇರುತ್ತದೆ. ಒಳಗೆ ಬಂದ ನೀರು ಹೊರಗೆ ಹೋಗಬೇಕಲ್ವಾ, ಅದು ಎಷ್ಟೋ ಸಲ ಬಂಡೆಯ ಅಂಚು ಹಿಡಿದು ಹೊರಗೆ ಹರಿಯುತ್ತದೆ. ಮರಳಿನ ಮೇಲೆ ನಿಂತು ನೋಡಿದರೆ ಆ ಜಾಗ ಅಲೆ ಒಡೆಯದೆ ಸಪಾಟಾಗಿ ಕಾಣುತ್ತದೆ. ಗೊತ್ತಿಲ್ಲದವರು ಅದನ್ನೇ ಚಲೋ ಜಾಗ ಅಂತ ಆರಿಸಿಕೊಂಡು ಇಳಿಯುತ್ತಾರೆ. ಮೊದಲು ಹತ್ತು ನಿಮಿಷ ಸುಮ್ನೆ ಕೂತು ನೀರು ನೋಡಿ, ಆಮೇಲೆ ಇಳಿಯಿರಿ.

ಉಬ್ಬರ ಇಳಿತದ ಸಮಯ ಮೊಬೈಲ್‌ನಲ್ಲೇ ಸಿಗುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಆಸುಪಾಸು ಕಮ್ಮಿ. ನಮ್ಮ ಕಡೆ ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ರಜೆ ಹಾಕಿ ಸಮುದ್ರಕ್ಕೆ ಹೊರಡುವವರು ಇರುತ್ತಾರೆ, ಅವರು ಇದನ್ನು ನೆನಪಿಡಿ. ಅಮಾವಾಸ್ಯೆಯ ಉಬ್ಬರದಲ್ಲಿ ಸಣ್ಣ ಕೊಲ್ಲಿಯ ಮರಳು ತುಂಬಾ ಕಮ್ಮಿ ಉಳಿಯುತ್ತದೆ.

ತೊಗರಿ ಕಣಜ, ಜೇವರ್ಗಿ

ದಾರಿ ನಾನು ಹೇಳುತ್ತೇನೆ. ಕಲಬುರಗಿಯಿಂದ ಕಟ್ಟಿಸಂಗಾವಿ ಹತ್ತಿರ ಭೀಮಾ ದಾಟಿ ಜೇವರ್ಗಿ, ಸಿಂದಗಿ, ವಿಜಯಪುರ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಕೊಲ್ಹಾರ, ಕೆರೂರು, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಆಮೇಲೆ ಅರಬೈಲು ಘಾಟ್ ಇಳಿದು ಅಂಕೋಲಾ. ಒಟ್ಟು ಸುಮಾರು 500 ಕಿಲೋಮೀಟರ್. ಒಂದೇ ದಿನಕ್ಕೆ ಹೊಡೆಯಬಹುದು. ಆದರೆ ಅರಬೈಲು ಘಾಟ್‌ನ್ನು ಕತ್ತಲಲ್ಲಿ ಇಳಿಯಬೇಡಿ, ಲಾರಿ ಜಾಸ್ತಿ, ತಿರುವು ಜಾಸ್ತಿ. ಹುಬ್ಬಳ್ಳಿಯಲ್ಲಿ ರಾತ್ರಿ ಉಳಿದು ಬೆಳಗ್ಗೆ ಹೊರಟರೆ ಮಕ್ಕಳಿಗೂ ಕಾಡು ನೋಡಲು ಸಿಗುತ್ತದೆ. ಕೊಲ್ಹಾರದಲ್ಲಿ ನಿಲ್ಲಿಸಿ ಮಡಿಕೆ ಮೊಸರು ತಗೊಳ್ಳಿ. ಅಲ್ಲೇ ಊಟಕ್ಕೆ ಹಾಕಿಕೊಂಡು ಮುಗಿಸಿ, ಸಮುದ್ರದ ತನಕ ಒಯ್ಯಬೇಡಿ.

ಬಸ್ಸಲ್ಲಿ ಹೋಗುವವರು ಹುಬ್ಬಳ್ಳಿಗೆ ಹೋಗಿ ಬದಲಿಸಿ. ರೈಲಿನ ಆಸೆ ಬೇಡ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು 1990ರ ದಶಕದಿಂದ ನಡೆದಿದೆ, ಇನ್ನೂ ರೈಲು ಓಡಿಲ್ಲ. ಗೋಕರ್ಣ ರೋಡ್ ಸ್ಟೇಷನ್ ಇರುವುದು ಕೊಂಕಣ ರೈಲ್ವೆಯಲ್ಲಿ, ನಮ್ಮ ಕಡೆಯಿಂದ ಸುತ್ತು ಹಾಕಬೇಕು.

ಮಳೆಗಾಲದಲ್ಲಿ ಮಾತ್ರ ಈ ಕಡೆ ತಿರುಗಿಯೂ ನೋಡಬೇಡಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ.

ಭೀಮಾ ಈಜುಗಾರ, ಶಹಾಪುರ

ಇಷ್ಟು ಹೆದರಿಸುವುದು ಯಾಕ್ರೀ? ನಾವು ಸಣ್ಣವರಿದ್ದಾಗ ಹೊಟ್ಟೆಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ಭೀಮಾ, ಕೃಷ್ಣಾ ಎರಡೂ ನದಿಯಲ್ಲಿ ಈಜಿದ್ದೇವೆ. ಉಪ್ಪು ನೀರಲ್ಲಿ ಮೈ ಇನ್ನೂ ಹಗುರ ತೇಲುತ್ತದೆ. ಹುಡುಗನಿಗೆ ಈಜು ಬರುತ್ತದೆ ಅಂದ ಮೇಲೆ ಬಿಡಿ, ಧೈರ್ಯ ಬರಲಿ.

ಕುಮಟಾದ ಮಗಳು, ಸೇಡಂ

ಕಾಕಾ, ನಿಮ್ಮ ಈಜಿನ ಬಗ್ಗೆ ಎರಡು ಮಾತಿಲ್ಲ. ಆದರೆ ಬಾವಿಯಲ್ಲಿ ನೀರು ನಿಂತಿರುತ್ತದೆ, ನದಿಯಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ. ಸಮುದ್ರ ಹಾಗಲ್ಲ. ಮುಂದೆ ಬಂದ ಅಲೆ ಕಾಣುತ್ತದೆ, ಕಾಲ ಕೆಳಗೆ ವಾಪಸ್ ಎಳೆಯುವ ನೀರು ಕಾಣುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅದು ಮಳೆಗಾಲ ಅಲ್ಲ. ಎಲ್ಲರೂ ಸೀಸನ್ ಅನ್ನುವ ಡಿಸೆಂಬರ್. ನಮ್ಮ ಕಡೆಯ ಮಕ್ಕಳು ಸಮುದ್ರ ನೋಡದೆ ಬೆಳೆದವರು, ಅವರಿಗೆ ಹೇಳಿಕೊಡುವುದು ಹೆದರಿಸಿದ ಹಾಗಲ್ಲ.

ಎಳೆತಕ್ಕೆ ಸಿಕ್ಕರೆ ದಂಡೆಯ ಕಡೆ ಎದುರು ಈಜಬಾರದು. ಅಲ್ಲೇ ಸುಸ್ತಾಗುವುದು. ಮೊದಲು ತೇಲಿಕೊಂಡಿರಿ, ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಂಡೆಗೆ ಸಮಾನಾಂತರವಾಗಿ, ಬಂಡೆ ಇಲ್ಲದ ಬದಿಗೆ ಈಜಿ. ಎಳೆತ ಬಿಟ್ಟ ಮೇಲೆ ಓರೆಯಾಗಿ ದಂಡೆಗೆ ಬನ್ನಿ. ದಂಡೆಯಲ್ಲಿದ್ದವರು ಬರಿಗೈಯಲ್ಲಿ ಹಿಂದೆ ಜಿಗಿಯಬೇಡಿ. ಹಗ್ಗ, ಖಾಲಿ ನೀರಿನ ಕ್ಯಾನು, ಏನು ತೇಲುತ್ತದೋ ಅದನ್ನು ಎಸೆಯಿರಿ. ಓಂ, ಕುಡ್ಲೆಯಲ್ಲಿ ಲೈಫ್‌ಗಾರ್ಡ್ ಏನು ಹೇಳುತ್ತಾರೋ ಅದನ್ನು ಕೇಳಿ. ಹಾಫ್ ಮೂನ್‌ನಂಥ ಮೂಲೆಯಲ್ಲಿ ಅವರಿರುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ.

ಭೀಮಾ ಈಜುಗಾರ, ಶಹಾಪುರ

ಸರಿ ತಂಗಿ, ಒಪ್ಪಿದೆ. ಕ್ಯಾನಿನ ಮಾತು ಚಲೋ ಹೇಳಿದೆ. ಹಗ್ಗ ನಮ್ಮ ಗಾಡಿಯಲ್ಲಿ ಯಾವಾಗಲೂ ಇರುತ್ತದೆ, ಅದನ್ನು ದಂಡೆಗೆ ಇಳಿಸುವ ರೂಢಿ ಎಲ್ಲರೂ ಮಾಡಿಕೊಳ್ಳಬೇಕು.

ನೀರಾಟದ ಮೇಷ್ಟ್ರು, ಕಲಬುರಗಿ

ಮಕ್ಕಳಿಗೆ ಈಜು ಕಲಿಸುತ್ತೇನೆ, ಹಾಗಾಗಿ ಸ್ನಾರ್ಕಲಿಂಗ್ ಬಗ್ಗೆ ನಾನು ಹೇಳುತ್ತೇನೆ.

ಮೊದಲು ಊರಿನ ಈಜುಕೊಳದಲ್ಲಿ ಅಭ್ಯಾಸ ಮಾಡಿಸಿ. ಮಾಸ್ಕ್ ಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರೆಳೆಯಲಿ. ಕೈ ಬಿಟ್ಟರೂ ಮಾಸ್ಕ್ ಬೀಳದೆ ಅಂಟಿಕೊಂಡಿದ್ದರೆ ಅಳತೆ ಸರಿ. ದಪ್ಪ ಮೀಸೆ ಇದ್ದವರಿಗೆ ಅಲ್ಲಿಂದ ನೀರು ಸೋರುತ್ತದೆ, ಮೀಸೆ ಮೇಲೆ ತೆಳ್ಳಗೆ ವ್ಯಾಸಲಿನ್ ಹಚ್ಚಿದರೆ ಕಮ್ಮಿಯಾಗುತ್ತದೆ. ಚಷ್ಮಾ ಹಾಕಿಕೊಂಡು ಮೇಲೆ ಮಾಸ್ಕ್ ಕೂರುವುದಿಲ್ಲ, ನಂಬರ್ ಇರುವ ಗಾಜಿನ ಮಾಸ್ಕೇ ಸಿಗುತ್ತವೆ. ಗಾಜಿಗೆ ಮಂಜು ಹಿಡಿಯದಂತೆ ಒಳಗೆ ಉಗುಳು ಹಚ್ಚಿ ಒಂದು ಸಲ ತೊಳೆದರೆ ಸಾಕು. ಇಡೀ ಮುಖ ಮುಚ್ಚುವ ಮಾಸ್ಕ್ ಈಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬರುತ್ತಿದೆ, ಅದನ್ನು ತಗೋಬೇಡಿ. ಬಿಟ್ಟ ಉಸಿರು ಒಳಗೇ ಉಳಿದು ತಲೆ ಸುತ್ತಬಹುದು, ಗಾಬರಿಯಾದಾಗ ತಕ್ಷಣ ಬಿಚ್ಚಲೂ ಕಷ್ಟ.

ಕೊಳವೆ ಬಾಯಲ್ಲಿಟ್ಟು ನಿಧಾನವಾಗಿ ಬಾಯಿಂದಲೇ ಉಸಿರಾಡುವುದು, ಅಷ್ಟೇ ವಿದ್ಯೆ. ಕೊಳವೆಗೆ ನೀರು ಬಂದರೆ ಹೆದರದೆ ಜೋರಾಗಿ ಒಂದು ಸಲ ಊದಿದರೆ ಮೇಲಿಂದ ಹಾರಿಹೋಗುತ್ತದೆ. ಇದನ್ನು ಸೊಂಟ ಮಟ್ಟದ ನೀರಲ್ಲಿ ಬೇಸರ ಬರುವ ತನಕ ಮಾಡಿಸಿ. ಈಜು ಬಂದರೂ ಲೈಫ್ ಜಾಕೆಟ್ ಇರಲಿ, ಸ್ನಾರ್ಕಲಿಂಗ್ ನೀರಿನ ಮೇಲೇ ತೇಲುತ್ತಾ ನೋಡುವ ಆಟ, ಜಾಕೆಟ್ ಅಡ್ಡಿಯಾಗುವುದಿಲ್ಲ. ಒಬ್ಬರೇ ಹೋಗಬಾರದು. ಇನ್ನೊಂದು ಮಾತು, ಹುಡುಗರು ಪಂಥ ಕಟ್ಟಿ ಜೋರಾಗಿ ಮೇಲಿಂದ ಮೇಲೆ ಉಸಿರೆಳೆದು ಮುಳುಗುತ್ತಾರೆ. ಅದನ್ನು ಕಡ್ಡಾಯವಾಗಿ ತಡೆಯಿರಿ, ನೀರೊಳಗೇ ಎಚ್ಚರ ತಪ್ಪುತ್ತದೆ.

ಇನ್ನು ಎಲ್ಲಿ ಮಾಡುವುದು? ಗೋಕರ್ಣದ ಕೊಲ್ಲಿಗಳಲ್ಲಿ ಹವಳದ ತೋಟ ಕಾಣುತ್ತದೆ ಅಂತ ಹುಡುಗನಿಗೆ ಆಸೆ ಹುಟ್ಟಿಸಬೇಡಿ. ತಳ ಮರಳು, ಅಲೆ ಬಂದಾಗಲೆಲ್ಲ ಮರಳು ಎದ್ದು ನೀರು ಮಸುಕಾಗುತ್ತದೆ. ಮಳೆ ಮುಗಿದ ಹೊಸದರಲ್ಲಿ ನದಿಗಳ ಕೆಂಪು ನೀರೂ ಸೇರಿರುತ್ತದೆ. ನಿಜವಾದ ಹವಳ, ಬಣ್ಣದ ಮೀನು ನೋಡಬೇಕಾದರೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ. ದಂಡೆಯಿಂದ ಸುಮಾರು 19 ಕಿಲೋಮೀಟರ್ ಒಳಗಿದೆ, ದೋಣಿಗೆ ತಾಸು, ಒಂದೂವರೆ ತಾಸು ಬೇಕು. ಗೈಡ್ ಜೊತೆಗಿರುತ್ತಾನೆ, ಜಾಕೆಟ್ ಕೊಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂದ್. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ, ನೀವು ಹೋಗುವ ಹೊತ್ತು ಚಲೋ ಇದೆ. ದೋಣಿ ಹತ್ತುವ ಮುಂಚೆ ಹೊಟ್ಟೆ ತುಂಬಾ ಉಣ್ಣಬೇಡಿ, ವಾಂತಿ ಆಗುವವರು ಡಾಕ್ಟರನ್ನು ಕೇಳಿ ಮಾತ್ರೆ ತಗೊಂಡು ಹೋಗಿ.

ಗಡಿಯವರು, ಆಳಂದ

ಸ್ನಾರ್ಕಲಿಂಗ್ ಒಂದೇ ಮುಖ್ಯ ಅಂದರೆ ಮಹಾರಾಷ್ಟ್ರದ ಮಾಲ್ವಣ್ ಕೂಡ ನೋಡಿ. ನಮಗೆ ಸೊಲ್ಲಾಪುರ, ಮಿರಜ್, ಕೊಲ್ಹಾಪುರ ಮೇಲೆ ಹೋಗಿ ಫೋಂಡಾ ಘಾಟ್ ಇಳಿದರೆ ಆಯಿತು. ಶಿವಾಜಿ ಮಹಾರಾಜರು 1664ರಲ್ಲಿ ಶುರು ಮಾಡಿಸಿದ ಸಿಂಧುದುರ್ಗ ಕೋಟೆ ಅಲ್ಲೇ ನೀರಿನ ನಡುವೆ ಇದೆ. ಕೋಟೆ ಸುತ್ತಲಿನ ಬಂಡೆಗಳ ಹತ್ತಿರವೇ ದೋಣಿ ನಿಲ್ಲಿಸಿ ನೀರಿಗೆ ಇಳಿಸುತ್ತಾರೆ, ದೂರ ಹೋಗಬೇಕಾಗಿಲ್ಲ. 1987ರಿಂದ ಅದು ಸಮುದ್ರ ಅಭಯಾರಣ್ಯ. ಸಣ್ಣ ಮಕ್ಕಳಿದ್ದು ಒಂದೂವರೆ ತಾಸು ದೋಣಿ ಬೇಡ ಅನ್ನುವವರಿಗೆ ನನ್ನ ಪ್ರಕಾರ ನೇತ್ರಾಣಿಗಿಂತ ಇದೇ ಸರಿ. ಆದರೆ ಗದ್ದಲ ಇಲ್ಲದ ಕೊಲ್ಲಿ, ಗುಡ್ಡದ ನಡಿಗೆ ಬೇಕು ಅಂದರೆ ಗೋಕರ್ಣವೇ.

ಕೋಟೆ ಬಾಗಿಲು, ಬೀದರ್

ನಾನು ನಡಿಗೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕಂದರೆ ಎಲ್ಲರೂ ನೀರಿನ ಬಗ್ಗೆಯೇ ಹೇಳಿ ಆ ಗುಡ್ಡವನ್ನು ಮರೆಯುತ್ತಿದ್ದಾರೆ.

ಓಂನಿಂದ ಹಾಫ್ ಮೂನ್‌ಗೆ ಹೋಗುವ ಕಾಲುದಾರಿಯಲ್ಲಿ ಕಾಲ ಕೆಳಗಿನ ಕಲ್ಲು ನೋಡಿ. ಕೆಂಪು, ತೂತುತೂತು, ಮುಟ್ಟಿದರೆ ಒರಟು. ಬೀದರಿನವರಿಗೆ ಅದು ಮನೆಯ ಕಲ್ಲು. ನಮ್ಮ ಕೋಟೆ ಕಟ್ಟಿದ್ದು ಇದೇ ಜಂಬಿಟ್ಟಿಗೆಯಲ್ಲಿ, ಸುರಂಗ ಬಾವಿ ಕೊರೆದದ್ದೂ ಇದೇ ಕಲ್ಲಿನೊಳಗೆ. ಇಡೀ ಊರು ಕೂತಿರುವುದೇ ಇದರ ಮೇಲೆ. ಅಷ್ಟು ದೂರ ಹೋಗಿ ಅದೇ ಕಲ್ಲು ಸಮುದ್ರಕ್ಕೆ ಇಳಿಯುವುದನ್ನು ನೋಡಿದಾಗ ನನಗಾದ ಖುಷಿ ಹೇಳಲಾರೆ. ನೀರು ಬಡಿಯುವ ಕಡೆ ಆ ತೂತುಗಳು ದೊಡ್ಡದಾಗಿ ಗೂಡಾಗಿವೆ. ಇಳಿತದ ಹೊತ್ತಿಗೆ ಅಲ್ಲಿ ಬೊಗಸೆಯಷ್ಟು ನೀರು ನಿಂತಿರುತ್ತದೆ. ಕೂತು ಸುಮ್ನೆ ನೋಡಬೇಕು. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯಲು ಶುರು ಮಾಡುತ್ತದೆ, ಒಳಗೆ ಸನ್ಯಾಸಿ ಏಡಿ. ನೆರಳು ಬಿದ್ದ ಕೂಡಲೇ ಒಳಗೆ ಸೇದಿಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಬೆರಳುದ್ದದ ಮೀನು ಕಲ್ಲಿನ ಬಣ್ಣವೇ ಆಗಿ ಕೂತಿರುತ್ತದೆ. ಈಜು ಬರದವರಿಗೆ, ಸಣ್ಣ ಮಕ್ಕಳಿಗೆ ಇದೇ ಸ್ನಾರ್ಕಲಿಂಗ್, ಮಾಸ್ಕೂ ಬೇಡ.

ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಬೂಟು ಅಥವಾ ಸ್ಯಾಂಡಲ್ ಬೇಕು. ಪಾಚಿ ಹಿಡಿದ ಕರಿ ಬಂಡೆ ಮೇಲೆ ಕಾಲಿಡಬೇಡಿ. ಸಂಜೆ ಸೂರ್ಯಾಸ್ತ ನೋಡಿಕೊಂಡು ಬರೋಣ ಅಂದರೆ ಗುಡ್ಡದ ದಾರಿಯಲ್ಲಿ ಕತ್ತಲಾಗುತ್ತದೆ, ದೀಪ ಇಲ್ಲ. ಸೂರ್ಯ ಮುಳುಗುವುದನ್ನು ಓಂ ಬೀಚ್‌ಗೆ ಬಂದು ನೋಡಿ. ಹಾಫ್ ಮೂನ್‌ನಿಂದ ಪ್ಯಾರಡೈಸ್‌ಗೆ ಇನ್ನೂ ಮುಂದೆ ದಾರಿ ಇದೆ, ಅದು ಹೆಚ್ಚು ಕಲ್ಲಿನದು. ಕಾಲು ಗಟ್ಟಿ ಇದ್ದವರು ಮಾತ್ರ.

ಕುಮಟಾದ ಮಗಳು, ಸೇಡಂ

ಬೀದರ್ ಅಣ್ಣಾ, ಎಷ್ಟು ಚಂದ ಬರೆದಿರಿ. ಆ ಬಂಡೆಗೆ ಕಪ್ಪು ಹಸಿರು ಚಿಪ್ಪು ಅಂಟಿರುತ್ತದಲ್ಲ, ಅದು ನೀಲಿಕಲ್ಲು. ನಮ್ಮ ಕಡೆ ಅದನ್ನು ಕಿತ್ತು ತಂದು ಸುಕ್ಕ ಮಾಡುತ್ತಾರೆ. ಅಂಚು ಬ್ಲೇಡಿನಂತೆ ಹರಿತ, ಬರಿಗಾಲಲ್ಲಿ ತುಳಿಯಬೇಡಿ. ಮತ್ತೆ ಹವಳದ ತುಂಡು, ಜೀವ ಇರುವ ಶಂಖ ಯಾವುದನ್ನೂ ಮನೆಗೆ ತರಬೇಡಿ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯ ಜೊತೆ ಒಂದನೇ ಪಟ್ಟಿಯಲ್ಲೇ ಇದೆ, ಕೇಸ್ ಆಗುತ್ತದೆ.

ಹಿಂಡಿ ರೊಟ್ಟಿ, ಯಾದಗಿರಿ

ಹೆಣ್ಣುಮಕ್ಕಳ ಪರವಾಗಿ ಒಂದು ಪ್ರಶ್ನೆ. ಬಟ್ಟೆ ಬದಲಿಸಲು, ಶೌಚಕ್ಕೆ ಅಲ್ಲಿ ಏನಿದೆ? ಗಂಡಸರು ಪ್ಲ್ಯಾನ್ ಹಾಕುವಾಗ ಇದೊಂದು ಬಿಟ್ಟು ಎಲ್ಲಾ ಕೇಳುತ್ತಾರೆ. ಅತ್ತೆಯವರನ್ನು ಕರೆದುಕೊಂಡು ಹೋದಾಗ ಮೊದಲು ಬೇಕಾಗುವುದು ಇದೇ.

ಕುಮಟಾದ ಮಗಳು, ಸೇಡಂ

ಸರಿಯಾಗಿ ಕೇಳಿದಿರಿ ಅಕ್ಕಾ. ಹಾಫ್ ಮೂನ್‌ನಲ್ಲಿ ಅಂಥ ಅನುಕೂಲ ನಂಬಬೇಡಿ. ಓಂ ಬೀಚ್‌ನಲ್ಲಿ ಹೋಟೆಲ್, ಗೆಸ್ಟ್‌ಹೌಸ್ ಇವೆ, ಅಲ್ಲಿ ಚಹಾ ತಿಂಡಿ ತಗೊಂಡು ಕೇಳಿದರೆ ಬಿಡುತ್ತಾರೆ. ಇದಕ್ಕೇ ನಾನು ಹಿರಿಯರನ್ನು ಓಂನಲ್ಲೇ ಇರಿಸಿ ಅಂದದ್ದು. ಬೇಕಾದರೆ ಓಂ ಬೀಚ್ ಮೇಲೆಯೇ ಒಂದು ರೂಮು ಮಾಡಿ, ಇಡೀ ದಿನಕ್ಕೆ ಆಧಾರ. ನೀರಿಗೆ ಸೀರೆ, ದುಪಟ್ಟಾ ಬೇಡ, ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ತುಂಬು ತೋಳಿನ ಟೀ ಶರ್ಟ್, ಲೆಗ್ಗಿಂಗ್ಸ್ ಹಾಕಿ. ಬಿಸಿಲಿಗೂ ಅದೇ ಒಳ್ಳೇದು. ಕಲಬುರಗಿ ಬಿಸಿಲು ಕಂಡ ನಮಗೇನು ಅನ್ನಬೇಡಿ, ತಂಗಾಳಿಯಲ್ಲಿ ಗೊತ್ತೇ ಆಗದೆ ಬೆನ್ನು ಸುಡುತ್ತದೆ.

ಹಿಂಡಿ ರೊಟ್ಟಿ, ಯಾದಗಿರಿ

ಹಾಗಿದ್ದರೆ ಬುತ್ತಿಯ ಭಾಗ ನನ್ನದು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಒಯ್ಯಿರಿ. ಎರಡು ದಿನ ಗಾಡಿಯಲ್ಲಿದ್ದರೂ ಏನೂ ಆಗುವುದಿಲ್ಲ. ಪಲ್ಯ ಬೇಕಾದರೆ ಗೋಕರ್ಣದ ರೂಮಲ್ಲಿ ಬೆಳಗ್ಗೆ ಮಾಡಿಸಿಕೊಳ್ಳಿ. ಎಣ್ಣೆಗಾಯಿ ಮನೆಯಿಂದ ಒಯ್ದರೆ ಆ ಸೆಖೆಗೆ ಮಾರನೇ ದಿನ ಹುಳಿ ಬರುತ್ತದೆ. ಸೂಸಲಾ ದಂಡೆಯಲ್ಲಿ ಬೇಡ, ಚುರುಮುರಿ ಆ ಗಾಳಿಗೆ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಮಾಲದಿ ಉಂಡೆ ಮಕ್ಕಳ ಕೈಗೆ ಕೊಡಲು ಚಲೋ, ನೀರಾಡಿ ಬಂದ ಮೇಲೆ ಹಸಿವು ವಿಪರೀತ. ಸೌತೆಕಾಯಿ, ಈರುಳ್ಳಿ, ಒಂದು ಚಾಕು. ಕುಡಿಯುವ ನೀರು ತಲೆಗೆ ಎರಡು ಮೂರು ಲೀಟರ್ ಹೊರಲೇಬೇಕು.

ಎಲ್ಲಿ ಕೂರಬೇಕು ಅಂತ ಹೀಗೆ ಗೊತ್ತಾಗುತ್ತದೆ. ಮರಳಿನ ಮೇಲೆ ಒಣ ಕಡ್ಡಿ, ಚಿಪ್ಪು, ತೆಂಗಿನ ಸಿಪ್ಪೆ ಉದ್ದಕ್ಕೆ ಒಂದು ಗೆರೆಯಾಗಿ ಬಿದ್ದಿರುತ್ತದೆ. ಹಿಂದಿನ ಉಬ್ಬರ ಬಂದು ನಿಂತ ಜಾಗ ಅದು. ಜಮಖಾನೆಯನ್ನು ಅದರ ಮೇಲ್ಬದಿಗೆ ಹಾಸಬೇಕು. ತೆಂಗಿನ ಮರದ ನೇರ ಕೆಳಗೆ ಬೇಡ, ಕಾಯಿ ಬೀಳುತ್ತದೆ. ನಾಯಿ, ದನ ಊಟದ ವಾಸನೆಗೆ ಬರುತ್ತವೆ, ಡಬ್ಬಿ ಮುಚ್ಚಿಡಿ. ಒಯ್ದ ಪ್ಲಾಸ್ಟಿಕ್ ಒಂದೂ ಅಲ್ಲಿ ಉಳಿಯಬಾರದು. ಎಳ್ಳಮಾಸಿ ದಿನ ಹೊಲದಲ್ಲಿ ಊಟ ಮಾಡಿ ಎಲೆ, ಡಬ್ಬಿ ಎಲ್ಲಾ ಎತ್ತಿಕೊಂಡೇ ಬರುತ್ತೇವಲ್ಲ, ಬೇರೆಯವರ ದಂಡೆಗೂ ಅಷ್ಟೇ ಮರ್ಯಾದೆ ಕೊಡೋಣ.

ನೀರಾಟದ ಮೇಷ್ಟ್ರು, ಕಲಬುರಗಿ

ಒಂದು ಮರೆತೆ. ಅಂಬಲಿ ಮೀನು ಕುಟುಕಿದರೆ, ಅದನ್ನು ಜೆಲ್ಲಿಫಿಶ್ ಅಂತಾರಲ್ಲ ಅದೇ, ಸಿಹಿನೀರು ಹಾಕಿ ತೊಳೆಯಬೇಡಿ, ಮರಳಿನಿಂದ ತಿಕ್ಕಬೇಡಿ. ಸಮುದ್ರದ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ಅಥವಾ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತೆಗೆಯಿರಿ. ಉಸಿರಾಟಕ್ಕೆ ತೊಂದರೆಯಾದರೆ, ಮೈಯೆಲ್ಲಾ ಬಾತರೆ ತಡ ಮಾಡದೆ ಆಸ್ಪತ್ರೆಗೆ. ಗೋಕರ್ಣದಲ್ಲಿ ಸರಕಾರಿ ಆಸ್ಪತ್ರೆ ಇದೆ. ಗುಡ್ಡದಾಚೆ ಇದ್ದಾಗ ವಾಪಸ್ ಬರಲು ಹೊತ್ತು ಹಿಡಿಯುತ್ತದೆ, ಅದಕ್ಕೇ ಹಾಫ್ ಮೂನ್‌ನಲ್ಲಿ ಸಾಹಸ ಬೇಡ ಅನ್ನುವುದು.

ಬಿಸಿಲೂರಿನವ, ಕಲಬುರಗಿ

ಎಲ್ಲರಿಗೂ ಕೈ ಮುಗಿದೆ. ಮನೆಯಲ್ಲಿ ಕೂತು ಎಲ್ಲಾ ಓದಿ ಹೇಳಿದೆ. ಹೀಗೆ ಮಾಡುತ್ತೇವೆ: ಹುಬ್ಬಳ್ಳಿಯಲ್ಲಿ ರಾತ್ರಿ ಉಳಿದು ಬೆಳಗ್ಗೆ ಘಾಟ್ ಇಳಿಯುವುದು. ಓಂ ಬೀಚ್ ಮೇಲೆ ರೂಮು. ಅಮಾವಾಸ್ಯೆ ಬಿಟ್ಟು ಅಷ್ಟಮಿ ಹತ್ತಿರದ ದಿನ. ಅವ್ವ, ಕಾಕಿ ಓಂನಲ್ಲಿ, ನಾವು ಹಾಫ್ ಮೂನ್‌ಗೆ ನಡೆದು ಹೋಗಿ ಬಂಡೆಯ ಗುಂಡಿ ನೋಡಿಕೊಂಡು, ಮೊಣಕಾಲು ನೀರಲ್ಲಿ ಆಡಿ, ಊಟದ ಹೊತ್ತಿಗೆ ಅವ್ವನ ಹತ್ತಿರ ವಾಪಸ್. ಬುತ್ತಿ ಎಲ್ಲರೂ ಕೂಡಿ ಓಂನಲ್ಲೇ. ಮಗನ ಸ್ನಾರ್ಕಲಿಂಗ್ ಮಾರನೇ ದಿನ ನೇತ್ರಾಣಿಯಲ್ಲಿ, ಗೈಡ್ ಜೊತೆ. ನಾಳೆಯಿಂದಲೇ ಅವನಿಗೆ ಈಜುಕೊಳದಲ್ಲಿ ಕೊಳವೆ ಅಭ್ಯಾಸ.

ಒಂದೇ ಪ್ರಶ್ನೆ ಉಳಿಯಿತು. ಹಾಫ್ ಮೂನ್‌ಗೆ ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು? ಮತ್ತೆ ಕಾಕಾ ನಡೆದು ಹೋಗಿ ಬರುವಾಗ ದೋಣಿಯಲ್ಲಿ ಬರುತ್ತೇನೆ ಅನ್ನುತ್ತಿದ್ದಾರೆ, ಸಿಗುತ್ತದೆಯೇ?

ಕುಮಟಾದ ಮಗಳು, ಸೇಡಂ

ಬೆಳಗ್ಗೆ ಏಳಕ್ಕೆ ಓಂ ಬಿಡಿ, ಗುಡ್ಡದ ದಾರಿ ತಂಪಾಗಿರುತ್ತದೆ. ಅವತ್ತಿನ ಇಳಿತ ಎಷ್ಟು ಗಂಟೆಗೆ ಅಂತ ಹಿಂದಿನ ರಾತ್ರಿಯೇ ನೋಡಿಡಿ. ಇಳಿತ ಹನ್ನೊಂದಕ್ಕೆ ಇದ್ದರೆ ಒಂಬತ್ತಕ್ಕೆ ಹೊರಡಿ, ಬಂಡೆಯ ಗುಂಡಿ ಕಾಣಬೇಕಾದರೆ ಅದೇ ಲೆಕ್ಕ. ದೋಣಿಯನ್ನು ಹಾಫ್ ಮೂನ್‌ನಲ್ಲಿ ನಿಂತು ಕಾಯಬೇಡಿ. ಓಂನಲ್ಲೇ ದೋಣಿಯವರ ಜೊತೆ ಮಾತಾಡಿ, ದರ ಮೊದಲೇ ಒಪ್ಪಿಸಿ, ಎಷ್ಟು ಹೊತ್ತಿಗೆ ಬರಬೇಕು ಅಂತ ಹೇಳಿ ಅವರ ನಂಬರ್ ಇಟ್ಟುಕೊಳ್ಳಿ. ಹಾಫ್ ಮೂನ್‌ನಲ್ಲಿ ನೆಟ್‌ವರ್ಕ್ ನಂಬಬೇಡಿ, ಅದಕ್ಕೇ ಹೊತ್ತು ಪಕ್ಕಾ ಮಾಡಿಕೊಳ್ಳಿ. ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಅಲೆ ಇದ್ದು ದೋಣಿಯವರೇ ಬೇಡ ಅಂದರೆ ಕಾಕಾ ಅವತ್ತು ಓಂನಲ್ಲೇ ಅವ್ವನ ಜೊತೆ ಕೂರಲಿ.